ಎರೆನೆಲದ ಮೇಲಿನ ಹೆದ್ದಾರಿ: ಉತ್ತರ ಕರ್ನಾಟಕದಲ್ಲಿ ರಸ್ತೆಯ ಅಡಿಮಣ್ಣಿನ ಸ್ಥಿರೀಕರಣದ ಇತಿಹಾಸ

ಪೀಠಿಕೆ

ಉತ್ತರ ಕರ್ನಾಟಕದ ಬಯಲುಸೀಮೆಯ ಚರಿತ್ರೆಯನ್ನು ಅಲ್ಲಿಯ ಎರೆಮಣ್ಣಿನಿಂದ ಬೇರ್ಪಡಿಸಿ ನೋಡಲಾಗದು. ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಗದಗ, ಧಾರವಾಡ, ಬೆಳಗಾವಿ, ಬಳ್ಳಾರಿ ಜಿಲ್ಲೆಗಳ ವಿಸ್ತಾರವಾದ ಭಾಗವನ್ನು ಆವರಿಸಿರುವ ಈ ಕಪ್ಪು ನೆಲ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿಗಳ ತವರು. ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು, ಹಿಂಗಾರಿ ಬೆಳೆಗೆ ತಿಂಗಳುಗಟ್ಟಲೆ ಉಣಿಸುವ ಗುಣವೇ ಅದರ ಹೆಗ್ಗಳಿಕೆ. ಆದರೆ ಒಕ್ಕಲಿಗನಿಗೆ ವರವಾದ ಈ ಗುಣವೇ ರಸ್ತೆ ಕಟ್ಟುವವನಿಗೆ ತೊಡಕಾಗಿ ಪರಿಣಮಿಸಿತು. ನೀರುಂಡಾಗ ಉಬ್ಬಿ ಮೆತ್ತಗಾಗುವ, ನೀರು ಬತ್ತಿದಾಗ ಕುಗ್ಗಿ ಬಿರಿಯುವ ನೆಲದ ಮೇಲೆ ವರ್ಷದ ಹನ್ನೆರಡು ತಿಂಗಳೂ ನಿಲ್ಲುವ ದಾರಿಯೊಂದನ್ನು ಹಾಸುವುದು ಸುಲಭದ ಕೆಲಸವಾಗಿರಲಿಲ್ಲ.

ಕರ್ನಾಟಕದ ರಸ್ತೆಗಳ ಇತಿಹಾಸವನ್ನು ಸಾಮಾನ್ಯವಾಗಿ ಆಡಳಿತ, ವಾಣಿಜ್ಯ ಮತ್ತು ಸೈನ್ಯ ಸಂಚಾರದ ನೆಲೆಯಿಂದ ನೋಡುವುದು ರೂಢಿ. ರಸ್ತೆಯ ಕೆಳಗಿರುವ ಮಣ್ಣಿನ ಕಡೆಯಿಂದ ಅದೇ ಇತಿಹಾಸವನ್ನು ಓದಿದಾಗ ಬೇರೊಂದು ಚಿತ್ರ ದೊರೆಯುತ್ತದೆ. ಎರೆನೆಲದ ಮೇಲೆ ದಾರಿ ಮಾಡಲು ಮೊದಲು ಜನ ಋತುವನ್ನು ನಂಬಿದರು. ಅನಂತರ ಇಂಜಿನಿಯರುಗಳು ಕಲ್ಲನ್ನು ನಂಬಿದರು. ಕೊನೆಗೆ ಮಣ್ಣನ್ನೇ ಅರಿಯಬೇಕೆಂಬ ತಿಳಿವಳಿಕೆ ಮೂಡಿತು. ಈ ಮೂರು ಘಟ್ಟಗಳನ್ನು ಗುರುತಿಸಿ, ಸಮಸ್ಯೆಯ ಮೂಲ ಹೊರೆಯಲ್ಲಿ ಇಲ್ಲ, ತೇವದ ಏರಿಳಿತದಲ್ಲಿ ಇದೆ ಎಂಬ ಅರಿವು ಹೇಗೆ ರೂಪುಗೊಂಡಿತೆಂಬುದನ್ನು ನಿರೂಪಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಎರೆಮಣ್ಣಿನ ಸ್ವಭಾವ

ದಖ್ಖನಿನ ಎರೆಮಣ್ಣು ಬಹುಮಟ್ಟಿಗೆ ಬಸಾಲ್ಟ್ ಶಿಲೆಯ ಶಿಥಿಲೀಕರಣದಿಂದ ಉಂಟಾದುದು. ವಿಜಯಪುರ, ಕಲಬುರಗಿಗಳ ಕಡೆ ಈ ಸಂಬಂಧ ಸ್ಪಷ್ಟವಾಗಿ ಕಾಣುತ್ತದೆ. ರಾಯಚೂರು, ಬಳ್ಳಾರಿಗಳ ಕಡೆ ಬೇರೆ ಶಿಲೆಗಳ ಮೇಲೆಯೂ ಕಪ್ಪು ಮಣ್ಣು ಹರಡಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದ ಭೂವಿಜ್ಞಾನಿಗಳು ಇದನ್ನು ‘ರೇಗೂರ್’ ಎಂಬ ಹೆಸರಿನಿಂದ ಕರೆದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಪ್ರದೇಶದ ಭೂವೈಜ್ಞಾನಿಕ ವರದಿ ಈ ಭಾಗದ ಶಿಲೆ ಮತ್ತು ಮಣ್ಣುಗಳ ಅಧ್ಯಯನಕ್ಕೆ ಬುನಾದಿ ಹಾಕಿತು. ಆದರೆ ಆ ಕಾಲದ ವಿವೇಚನೆಯೆಲ್ಲ ಈ ಮಣ್ಣಿನ ಹುಟ್ಟು ಮತ್ತು ಫಲವತ್ತತೆಯ ಕುರಿತಾಗಿತ್ತು. ಅದು ಏಕೆ ಉಬ್ಬುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇಪ್ಪತ್ತನೆಯ ಶತಮಾನವೇ ಬರಬೇಕಾಯಿತು.

ಎರೆಮಣ್ಣಿನ ಜೇಡಿಕಣಗಳಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ಪ್ರಧಾನವಾಗಿದೆ. ಫ್ರಾನ್ಸಿನ ಮೊಂಟ್‌ಮೊರಿಯೊಂ ಎಂಬ ಊರಿನಿಂದ 1847ರಲ್ಲಿ ಹೆಸರು ಪಡೆದ ಈ ಖನಿಜದ ಹರಳಿನ ರಚನೆಯನ್ನು 1933ರಲ್ಲಿ ಹಾಫ್‌ಮನ್, ಎಂಡೆಲ್ ಮತ್ತು ವಿಲ್ಮ್ ಎಂಬ ಜರ್ಮನ್ ವಿಜ್ಞಾನಿಗಳು ವಿವರಿಸಿದರು. ಅದು ತೆಳುವಾದ ಪದರಗಳ ಅಡಕ. ಪದರಗಳ ನಡುವಿನ ಬಂಧ ದುರ್ಬಲವಾದ್ದರಿಂದ ನೀರು ಒಳನುಗ್ಗಿ ಅವನ್ನು ದೂರ ತಳ್ಳುತ್ತದೆ. ಒಣಗಿದಾಗ ಅವು ಮತ್ತೆ ಹತ್ತಿರ ಬರುತ್ತವೆ. ಕಣ್ಣಿಗೆ ಕಾಣದ ಈ ಚಲನೆ ಕೋಟಿ ಕೋಟಿ ಕಣಗಳಲ್ಲಿ ಒಟ್ಟಾಗಿ ನಡೆದಾಗ ನೆಲವೇ ಏಳುತ್ತದೆ, ಇಳಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲ ಕೈ ತೂರುವಷ್ಟು ಅಗಲವಾಗಿ ಬಿರಿಯುವುದೂ, ಮಳೆ ಬಿದ್ದೊಡನೆ ಬಿರುಕು ಮುಚ್ಚಿ ಕಾಲು ಹೂಳುವ ಅಂಟುಕೆಸರಾಗುವುದೂ ಇದರ ಪರಿಣಾಮ. ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗಿರುವ ಇದೇ ಮಣ್ಣು ನೀರಿನಲ್ಲಿ ನೆನೆದಾಗ ತನ್ನ ಧಾರಣಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುತ್ತದೆ.

ಋತುವನ್ನು ನಂಬಿದ ದಾರಿಗಳು

ಈ ಸ್ವಭಾವವನ್ನು ಬಯಲುಸೀಮೆಯ ಜನ ಶತಮಾನಗಳಿಂದ ಬಲ್ಲವರಾಗಿದ್ದರು. ಅವರು ಕಂಡುಕೊಂಡ ಪರಿಹಾರ ನೆಲವನ್ನು ಬದಲಿಸುವುದಾಗಿರಲಿಲ್ಲ, ಕಾಲವನ್ನು ಆರಿಸಿಕೊಳ್ಳುವುದಾಗಿತ್ತು. ಮಳೆಗಾಲ ಮುಗಿದು ನೆಲ ಆರಿದ ಮೇಲೆ ಬಂಡಿಗಳು ಹೊರಡುತ್ತಿದ್ದವು. ಜಾತ್ರೆ, ಸಂತೆ, ದೂರದ ವ್ಯಾಪಾರಗಳು ಬಹುಪಾಲು ಒಣ ತಿಂಗಳುಗಳಿಗೆ ಹೊಂದಿಕೊಂಡಿದ್ದವು. ವಿಜಯದಶಮಿಯಂದು ಸೀಮೋಲ್ಲಂಘನ ಮಾಡಿ ಸೇನೆಗಳು ದಂಡಯಾತ್ರೆಗೆ ಹೊರಡುವ ದಖ್ಖನಿನ ಪದ್ಧತಿಗೆ ಧಾರ್ಮಿಕ ಮಹತ್ವದ ಜೊತೆಗೆ ಭೌಗೋಳಿಕ ಕಾರಣವೂ ಇತ್ತು: ನದಿಗಳು ಇಳಿಯುವುದೂ ಎರೆನೆಲ ಆರುವುದೂ ಆ ಹೊತ್ತಿಗೇ.

ಚಕ್ಕಡಿ ಹೋಗದ ಕಡೆ ಹೇರಿನ ಎತ್ತುಗಳು ಹೋಗುತ್ತಿದ್ದವು. ದವಸ, ಉಪ್ಪುಗಳನ್ನು ಎತ್ತುಗಳ ಬೆನ್ನ ಮೇಲೆ ಹೇರಿಕೊಂಡು ಸಾಗುತ್ತಿದ್ದ ಲಂಬಾಣಿಗಳ ತಂಡಗಳು ದಖ್ಖನಿನ ಸೇನೆಗಳಿಗೂ ಪೇಟೆಗಳಿಗೂ ಆಧಾರವಾಗಿದ್ದವು. ಹದಿನೇಳನೆಯ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆ ಇಂತಹ ಸಾವಿರಾರು ಎತ್ತುಗಳ ತಂಡಗಳನ್ನು ದಾಖಲಿಸಿದ್ದಾನೆ. ಎತ್ತಿನ ಬೆನ್ನಿನ ಸಾಗಾಣಿಕೆಯನ್ನು ಹಿಂದುಳಿದ ವ್ಯವಸ್ಥೆಯೆಂದು ಬಗೆಯುವುದಕ್ಕಿಂತ, ಕಟ್ಟಿದ ರಸ್ತೆಯನ್ನೇ ಬೇಡದ ವ್ಯವಸ್ಥೆಯೆಂದು ತಿಳಿಯುವುದು ಹೆಚ್ಚು ಸಮಂಜಸ. ಚಕ್ರವು ನೆಲವನ್ನು ಸೀಳುತ್ತದೆ. ಗೊರಸು ತನಗೆ ಬೇಕಾದ ಗಟ್ಟಿ ಜಾಗವನ್ನು ಹುಡುಕಿಕೊಳ್ಳುತ್ತದೆ.

ಊರೊಳಗಿನ ಕಟ್ಟಡಗಳ ವಿಷಯದಲ್ಲಿ ಬಳಕೆಯ ಜ್ಞಾನ ಇನ್ನೂ ಸೂಕ್ಷ್ಮವಾಗಿತ್ತು. ಎರೆಯ ಮೇಲೆ ನೇರವಾಗಿ ಗೋಡೆ ಎಬ್ಬಿಸದೆ ಗಟ್ಟಿ ನೆಲ ಸಿಗುವವರೆಗೆ ಬುನಾದಿ ತೋಡುವುದು, ಓಡಾಡುವ ಜಾಗಕ್ಕೆ ಗರಸು ಹಾಕಿ ಬಡಿಯುವುದು ವಾಡಿಕೆ. ಶಿಥಿಲಗೊಂಡ ಶಿಲೆಯ ಹರಳು ಮತ್ತು ಮಣ್ಣು ಸಹಜವಾಗಿ ಬೆರೆತಿರುವ, ಮುರ್ರಂ ಎಂದೂ ಕರೆಯಲಾಗುವ ಈ ಗರಸಿಗೆ ಮುಂದೆ ವಿಜ್ಞಾನದ ಪರೀಕ್ಷೆಯಲ್ಲಿ ಎಂತಹ ಸ್ಥಾನ ದೊರೆಯಿತೆಂಬುದನ್ನು ಯಥಾವಕಾಶ ಕಾಣಬಹುದು.

ಹತ್ತಿ, ಬರ ಮತ್ತು ಖಡಿ ರಸ್ತೆ

ಋತುವಿಗೆ ಹೊಂದಿಕೊಂಡ ಸಂಚಾರದ ಮಿತಿಯನ್ನು ಹೊರಗೆಡವಿದುದು ಹತ್ತಿಯ ವ್ಯಾಪಾರ. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನ ಮೂಲಕ ಮುಂಬಯಿಗೆ ಹೋಗುತ್ತಿದ್ದುದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರೇ ನಿಂತಿತು. ಮಳೆಗಾಲದ ಕೊನೆಗೆ ಬಿತ್ತಿದ ಈ ಹತ್ತಿ ಬಿಡಿಸಲು ಬರುತ್ತಿದ್ದುದು ಮಾಘದಿಂದ ಚೈತ್ರದವರೆಗೆ. ಅದನ್ನು ಅರೆದು, ಹಿಂಡಿಗೆ ಕಟ್ಟಿ, ಘಟ್ಟ ಇಳಿಸಿ, ಹಡಗಿಗೆ ಏರಿಸುವ ಕೆಲಸವೆಲ್ಲ ಮುಂಗಾರು ಒಡೆಯುವ ಮೊದಲೇ ಮುಗಿಯಬೇಕಾಗಿತ್ತು. ಮೃಗಶಿರಾ ಮಳೆ ಬಿದ್ದರೆ ಒಂದು ಕಡೆ ಎರೆದಾರಿ ಮುಚ್ಚುತ್ತಿತ್ತು, ಇನ್ನೊಂದು ಕಡೆ ಸಮುದ್ರವೂ ಮುಚ್ಚುತ್ತಿತ್ತು. ಉಳಿದ ಮಾಲು ಮುಂದಿನ ಬೇಸಿಗೆಯವರೆಗೆ ಕಾಯಬೇಕಾಗಿತ್ತು.

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ನಿಂತು, ಧಾರವಾಡದ ಹತ್ತಿಗೆ ಅಪೂರ್ವ ಬೇಡಿಕೆ ಬಂದಾಗ ಈ ಕಾಲಮಿತಿ ಸಾಮ್ರಾಜ್ಯದ ಪ್ರಶ್ನೆಯಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದುದರ ಹಿಂದೆ ಹತ್ತಿ ಬೆಳೆಯುವ ಬಯಲನ್ನೂ ಅದರ ಬಂದರುಗಳನ್ನೂ ಒಂದೇ ಆಡಳಿತಕ್ಕೆ ತರುವ ಆಲೋಚನೆ ಪ್ರಬಲವಾಗಿತ್ತು. ಘಟ್ಟದ ರಸ್ತೆಗಳಿಗೆ ಹಣ, ಶ್ರಮಗಳು ಹರಿದವು. ಆದರೆ ಘಟ್ಟದಲ್ಲಿ ಇಂಜಿನಿಯರುಗಳು ಎದುರಿಸಿದುದು ಬಂಡೆ ಮತ್ತು ಇಳಿಜಾರನ್ನು. ಬಯಲಿನಲ್ಲಿ ಎದುರಿಸಬೇಕಾಗಿದ್ದುದು ಸಮತಟ್ಟಾಗಿ, ನಿರುಪದ್ರವಿಯಾಗಿ ಕಾಣುವ ಎರೆಯನ್ನು.

1876–78ರ ಭೀಕರ ಬರಗಾಲ ಅದೇ ಪಾಠವನ್ನು ಹೆಚ್ಚು ಕ್ರೂರವಾಗಿ ಕಲಿಸಿತು. ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಇಂದಿನ ವಿಜಯಪುರ, ಬಾಗಲಕೋಟೆಗಳ ಭಾಗ ಅತಿ ಹೆಚ್ಚು ನರಳಿದ ಪ್ರದೇಶಗಳಲ್ಲಿ ಒಂದು. ಹೊರಗಿನಿಂದ ಧಾನ್ಯ ತರಲು ಎತ್ತುಗಳು ಬೇಕು, ಎತ್ತುಗಳಿಗೆ ದಾರಿಯುದ್ದಕ್ಕೂ ಮೇವು ನೀರು ಬೇಕು. ಬರದಲ್ಲಿ ಅವೂ ಇಲ್ಲ. ಹಸಿದವರಿಗೆ ಕೂಲಿ ಕೊಡಲು ತೆರೆದ ಕಾಮಗಾರಿಗಳಲ್ಲಿ ಕೆರೆಗಳೊಡನೆ ರಸ್ತೆಗಳೂ ಪ್ರಮುಖವಾಗಿದ್ದವು. ಖಡಿ ಒಡೆದು ರಾಶಿ ಹಾಕುವ ಕೆಲಸದಲ್ಲಿ ಬದುಕುಳಿದ ಜನರ ಬೆವರು ಈ ಭಾಗದ ಹಳೆಯ ರಸ್ತೆಗಳ ತಳದಲ್ಲಿದೆ. 1880ರ ಬರಗಾಲ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ ರಕ್ಷಣಾತ್ಮಕ ರೈಲುಮಾರ್ಗಗಳಿಗೆ ಒತ್ತು ದೊರೆತು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ರೂಪುಗೊಂಡಿತು. ಆ ದಶಕದಲ್ಲೇ ಗದಗಿನಿಂದ ವಿಜಯಪುರದ ಮೂಲಕ ಹೋಟಗಿಗೆ ರೈಲು ಓಡಿತು. ರೈಲು ಬಂದ ಮೇಲೆ ದೂರದ ಸಾಗಾಣಿಕೆಯ ಭಾರ ರಸ್ತೆಗಳಿಂದ ಇಳಿಯಿತಾದರೂ ನಿಲ್ದಾಣಕ್ಕೆ ಮಾಲು ತರುವ ದಾರಿಗಳು ಎರೆಯಲ್ಲೇ ಉಳಿದವು.

ಈ ಕಾಲದ ರಸ್ತೆ ನಿರ್ಮಾಣದ ಕ್ರಮ ಬ್ರಿಟನ್ನಿನಿಂದ ಬಂದುದು. ಅಲ್ಲಿ ಎರಡು ಪಂಥಗಳಿದ್ದವು. ಥಾಮಸ್ ಟೆಲ್‌ಫರ್ಡ್ ದೊಡ್ಡ ಕಲ್ಲುಗಳ ಹಾಸನ್ನು ತಳಕ್ಕೆ ಕೊಟ್ಟು ಅದರ ಮೇಲೆ ಖಡಿ ಹರಡಿದ. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಮೇಲ್ವಿಚಾರಕನಾದ ಜಾನ್ ಲೌಡನ್ ಮೆಕ್ಯಾಡಮ್ ಇದನ್ನು ಒಪ್ಪಲಿಲ್ಲ. ಹೊರೆಯನ್ನು ನಿಜವಾಗಿ ಹೊರುವುದು ಸ್ಥಳದ ಮಣ್ಣೇ ಹೊರತು ಕಲ್ಲಲ್ಲ, ಮಣ್ಣು ಒಣಗಿರುವವರೆಗೆ ಅದು ಎಂತಹ ಭಾರವನ್ನಾದರೂ ಹೊತ್ತೀತು, ಆದ್ದರಿಂದ ರಸ್ತೆಯ ಹೊದಿಕೆ ಮಣ್ಣಿಗೆ ಮಾಡಿನಂತಿರಬೇಕು ಎಂಬುದು ಅವನ ವಾದ.

ಭಾರತದ ಲೋಕೋಪಯೋಗಿ ಇಲಾಖೆಗಳ ರೂಢಿಯಲ್ಲಿ ಎರಡೂ ಪಂಥಗಳು ಬೆರೆತವು. ಕೆಳಗೆ ದಪ್ಪ ಕಲ್ಲಿನ ಹಾಸು, ಮೇಲೆ ಮೆಕ್ಯಾಡಮ್ ಖಡಿ. ಗಟ್ಟಿ ನೆಲದಲ್ಲಿ ಇದು ಚೆನ್ನಾಗಿ ನಡೆಯಿತು. ಎರೆಯಲ್ಲಿ ಕಲ್ಲಿನ ಹಾಸು ತನ್ನ ಸಂದುಗಳ ಮೂಲಕ ನೀರನ್ನು ಕೆಳಗಿಳಿಸಿ ಅಲ್ಲೇ ನಿಲ್ಲಿಸಿತು. ಕೆಳಗಿನ ಮಣ್ಣು ಮೆತ್ತಗಾಗಿ, ಚಕ್ರದ ಒತ್ತಡಕ್ಕೆ ಕಲ್ಲುಗಳು ಕೆಳಗಿಳಿದವು, ಕೆಸರು ಸಂದುಗಳಲ್ಲಿ ಮೇಲಕ್ಕೇರಿತು. ರಸ್ತೆ ಕಲ್ಲನ್ನು ನುಂಗಿತು. ಮತ್ತಷ್ಟು ಖಡಿ ಹಾಕುವುದೊಂದೇ ಇಲಾಖೆಗಳಿಗೆ ಗೊತ್ತಿದ್ದ ಉಪಾಯ. ಮೆಕ್ಯಾಡಮ್‌ನ ಮೂಲಸೂತ್ರವಾದ ನೀರಿನ ನಿಯಂತ್ರಣ ಮರೆತುಹೋಗಿ, ಅವನ ಹೆಸರಿನ ಕಲ್ಲು ಮಾತ್ರ ಉಳಿಯಿತು. ಅಲ್ಲದೆ ಆ ಸೂತ್ರವೂ ಎರೆಗೆ ಪೂರ್ತಿ ಸಾಲದು ಎಂಬುದು ಗಮನಾರ್ಹ. ಎರೆಮಣ್ಣು ನೆನೆದರೆ ಕೆಡುವಂತೆ, ಅತಿಯಾಗಿ ಒಣಗಿದರೂ ಬಿರಿದು ರಸ್ತೆಯನ್ನು ಸೀಳುತ್ತದೆ. ಅದಕ್ಕೆ ಬೇಕಾದುದು ಬರಿಯ ಒಣ ಸ್ಥಿತಿಯಲ್ಲ, ಬದಲಾಗದ ತೇವ.

ಮಣ್ಣು ಪರೀಕ್ಷೆಗೆ ಬಂದುದು

ಮೊದಲನೆಯ ಮಹಾಯುದ್ಧದ ನಂತರ ಮೋಟಾರು ವಾಹನಗಳು ಹೆಚ್ಚಿದಂತೆ ರಸ್ತೆಗಳ ಪ್ರಶ್ನೆ ರಾಷ್ಟ್ರಮಟ್ಟಕ್ಕೆ ಏರಿತು. ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ 1927ರಲ್ಲಿ ನೇಮಕಗೊಂಡ ರಸ್ತೆ ಅಭಿವೃದ್ಧಿ ಸಮಿತಿಯ ವರದಿಯ ಫಲವಾಗಿ 1929ರಲ್ಲಿ ಕೇಂದ್ರ ರಸ್ತೆ ನಿಧಿಯೂ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸೂ ಸ್ಥಾಪನೆಗೊಂಡವು. 1943ರ ನಾಗಪುರ ಯೋಜನೆ ದೇಶದ ರಸ್ತೆಗಳನ್ನು ರಾಷ್ಟ್ರೀಯ ಹೆದ್ದಾರಿಯಿಂದ ಹಳ್ಳಿರಸ್ತೆಯವರೆಗೆ ವರ್ಗೀಕರಿಸಿತು. ಸ್ವಾತಂತ್ರ್ಯಾನಂತರ 1952ರಲ್ಲಿ ದೆಹಲಿಯಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಕೆಲಸ ಆರಂಭಿಸಿತು.

ಇದೇ ಅವಧಿಯಲ್ಲಿ ಹೊರದೇಶಗಳಲ್ಲಿ ಮಣ್ಣಿನ ಅಧ್ಯಯನ ಒಂದು ಶಾಸ್ತ್ರವಾಗಿ ಬೆಳೆಯುತ್ತಿತ್ತು. ಸ್ವೀಡನ್ನಿನ ಅಟರ್‌ಬರ್ಗ್ 1911ರಲ್ಲಿ ಜೇಡಿಮಣ್ಣು ಎಷ್ಟು ನೀರಿಗೆ ಕಣಕದಂತಾಗುತ್ತದೆ, ಎಷ್ಟಕ್ಕೆ ದ್ರವದಂತೆ ಹರಿಯುತ್ತದೆ ಎಂಬ ಮಿತಿಗಳನ್ನು ಅಳೆಯುವ ಕ್ರಮವನ್ನು ತೋರಿಸಿದ. 1925ರಲ್ಲಿ ಕಾರ್ಲ್ ಟೆರ್ಜಾಗಿ ಮಣ್ಣಿನ ಬಲವಿಜ್ಞಾನಕ್ಕೆ ತಳಹದಿಯಾದ ಗ್ರಂಥವನ್ನು ಪ್ರಕಟಿಸಿದರು. 1933ರಲ್ಲಿ ಪ್ರಾಕ್ಟರ್ ಮಣ್ಣನ್ನು ಬಡಿದು ಬಿಗಿಗೊಳಿಸಲು ಎಷ್ಟು ತೇವ ಬೇಕೆಂಬುದನ್ನು ಪರೀಕ್ಷೆಯಿಂದ ನಿಗದಿಪಡಿಸಿದರು. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಓ. ಜೆ. ಪೋರ್ಟರ್ 1920ರ ದಶಕದ ಕೊನೆಗೆ ರೂಪಿಸಿದ, ಸಿ.ಬಿ.ಆರ್. ಎಂದು ಪ್ರಸಿದ್ಧವಾದ ಪರೀಕ್ಷೆ ರಸ್ತೆಯ ಅಡಿಮಣ್ಣಿನ ಬಲವನ್ನು ಒಂದು ಅಂಕಿಯಲ್ಲಿ ಹೇಳುವ ಸೌಕರ್ಯವನ್ನು ಒದಗಿಸಿತು. ಉತ್ತಮ ಜಲ್ಲಿಯ ಬಲವನ್ನು 100 ಎಂದು ಹಿಡಿದರೆ, ನಾಲ್ಕು ದಿನ ನೀರಿನಲ್ಲಿ ನೆನೆಸಿದ ಎರೆಮಣ್ಣಿನ ಬಲ ಸಾಮಾನ್ಯವಾಗಿ 2ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಈ ಪರೀಕ್ಷೆಯನ್ನು ಆಧರಿಸಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1970ರಲ್ಲಿ ರಸ್ತೆಯ ದಪ್ಪವನ್ನು ನಿರ್ಧರಿಸುವ ಮಾರ್ಗಸೂಚಿಯನ್ನು ಹೊರತಂದಿತು. ಐ.ಆರ್.ಸಿ. 37 ಎಂಬ ಈ ಕೈಪಿಡಿ 1984, 2001, 2012 ಮತ್ತು 2018ರಲ್ಲಿ ಪರಿಷ್ಕಾರಗೊಂಡಿದೆ. ಬಲ ಕಡಿಮೆಯಿದ್ದಷ್ಟೂ ರಸ್ತೆ ದಪ್ಪವಾಗಬೇಕು ಎಂಬುದು ಅದರ ಸಾರ. ಆದರೆ ಎರೆಯ ಮೇಲೆ ದಪ್ಪವೊಂದೇ ಸಾಲದೆಂಬುದು ಬೇಗನೆ ಅರಿವಿಗೆ ಬಂದಿತು. ಸಿ.ಬಿ.ಆರ್. ನೆನೆದ ಮಣ್ಣಿನ ದೌರ್ಬಲ್ಯವನ್ನು ಅಳೆಯುತ್ತದೆ; ಉಬ್ಬಿ ಕುಗ್ಗುವ ಚಲನೆಗೆ ಅದರಲ್ಲಿ ಪೂರ್ಣ ಉತ್ತರವಿಲ್ಲ. ಎರೆರಸ್ತೆ ಮೊದಲು ಬಿರಿಯುವುದು ಗಾಲಿಯ ಜಾಡಿನಲ್ಲಲ್ಲ, ಅಂಚಿನ ಉದ್ದಕ್ಕೆ. ಡಾಂಬರಿನ ಕೆಳಗೆ ನಡುಭಾಗದ ಮಣ್ಣು ಕಾಲಕ್ರಮದಲ್ಲಿ ಒಂದೇ ತೇವಕ್ಕೆ ನೆಲೆಗೊಳ್ಳುತ್ತದೆ. ಅಂಚಿನ ಮಣ್ಣು ಮಾತ್ರ ಪ್ರತಿ ಮಳೆಗೆ ಉಬ್ಬಿ, ಪ್ರತಿ ಬೇಸಿಗೆಗೆ ಕುಗ್ಗುತ್ತದೆ. ಈ ವ್ಯತ್ಯಾಸವೇ ಬಿರುಕು. ಬಿರುಕಿನ ಮೂಲಕ ಇಳಿದ ನೀರೇ ಮುಂದಿನ ಹಾಳಿಗೆ ಮೂಲ.

ಸುಣ್ಣದ ಪ್ರಯೋಗ

ಮಣ್ಣನ್ನು ತೆಗೆದು ಬಿಸಾಡುವ ಬದಲು ಅದರ ಗುಣವನ್ನೇ ತಿದ್ದಬೇಕೆಂಬ ಯೋಚನೆ ಸ್ಥಿರೀಕರಣ ಎಂಬ ಹೆಸರು ಪಡೆಯಿತು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1935ರಲ್ಲಿ ಮಣ್ಣಿಗೆ ಸಿಮೆಂಟ್ ಬೆರೆಸಿ ರಸ್ತೆ ಮಾಡಲಾಯಿತು. ಟೆಕ್ಸಾಸಿನಲ್ಲಿ ಎರೆಯನ್ನೇ ಹೋಲುವ ಜೇಡಿನೆಲಕ್ಕೆ 1940ರ ದಶಕದಲ್ಲಿ ಸುಣ್ಣದ ಪ್ರಯೋಗಗಳು ನಡೆದವು. ಭಾರತದಲ್ಲಿಯೂ ಎರೆಗೆ ಸುಣ್ಣವೇ ಹೆಚ್ಚು ಒಪ್ಪಿತು. ಸುಣ್ಣ ಬೆರೆತಾಗ ಅದರ ಕ್ಯಾಲ್ಸಿಯಂ ಅಂಶ ಜೇಡಿಕಣಗಳ ಮೇಲೆ ಕುಳಿತು ಅವನ್ನು ಒಟ್ಟುಗೂಡಿಸುತ್ತದೆ. ಅಂಟುತನ ಇಳಿದು ಮಣ್ಣು ಪುಡಿಪುಡಿಯಾಗುತ್ತದೆ. ಅನಂತರ ವಾರ, ತಿಂಗಳುಗಳ ಅವಧಿಯಲ್ಲಿ ಮಣ್ಣಿನ ಸಿಲಿಕಾ, ಅಲ್ಯುಮಿನಾಗಳೊಡನೆ ಸುಣ್ಣ ಕೂಡಿ ಸಿಮೆಂಟಿನಂತಹ ಬಂಧ ಬೆಳೆಯುತ್ತದೆ. ತೂಕದ ಲೆಕ್ಕದಲ್ಲಿ ನೂರಕ್ಕೆ 3ರಿಂದ 5 ಪಾಲು ಸುಣ್ಣದಿಂದಲೇ ಗಣನೀಯ ಬದಲಾವಣೆ ಕಾಣುತ್ತದೆ. 1973ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸುಣ್ಣ ಬೆರೆಸಿದ ಮಣ್ಣಿನ ಬಳಕೆಗಾಗಿ ಪ್ರತ್ಯೇಕ ಮಾರ್ಗಸೂಚಿಯನ್ನು ಪ್ರಕಟಿಸಿತು.

ಪ್ರಯೋಗಾಲಯದಲ್ಲಿ ಸಲೀಸಾದುದು ಹೊಲದಲ್ಲಿ ಕಷ್ಟವಾಯಿತು. ಒಣಗಿದ ಎರೆಹೆಂಟೆ ಒಡೆಯಲು ಕಲ್ಲಿನಷ್ಟೇ ಗಡುಸು; ನೆನೆದ ಎರೆ ಯಾವ ಸಲಕರಣೆಗೂ ಮೆತ್ತಿಕೊಳ್ಳುವಂಥದ್ದು. ಹೆಂಟೆ ಪುಡಿಯಾಗದೆ ಸುಣ್ಣ ಒಳಗೆ ಸೇರದು. ಮೇಲೆ ಬಿಳುಪಾಗಿ ಕಂಡರೂ ಒಳಗೆ ಕಪ್ಪಾಗಿಯೇ ಉಳಿದ ಹೆಂಟೆಗಳ ರಸ್ತೆ ಮುಂದಿನ ಮಳೆಗೆ ಹಳೆಯ ಗುಣವನ್ನೇ ತೋರಿಸುತ್ತದೆ. ಉಳುವ, ಪುಡಿಮಾಡುವ, ಬೆರೆಸುವ ಯಂತ್ರಗಳು ವ್ಯಾಪಕವಾಗಿ ದೊರೆಯುವವರೆಗೆ ಸುಣ್ಣದ ವಿಧಾನ ಮಾರ್ಗಸೂಚಿಯಲ್ಲಿದ್ದಷ್ಟು ರಸ್ತೆಯ ಮೇಲೆ ಬರದಿದ್ದುದಕ್ಕೆ ಇದು ಮುಖ್ಯ ಕಾರಣ.

ಸುಣ್ಣಕ್ಕೆ ಇನ್ನೊಂದು ಅಪಾಯವೂ ಇದೆ. ಜಿಪ್ಸಂನಂತಹ ಸಲ್ಫೇಟು ಇರುವ ಮಣ್ಣಿನಲ್ಲಿ ಸುಣ್ಣ ಬೆರೆತರೆ ಎಟ್ರಿಂಗೈಟ್ ಎಂಬ, ನೀರನ್ನು ಹೇರಳವಾಗಿ ಹಿಡಿಯುವ ಹರಳು ಬೆಳೆದು ಉಬ್ಬು ಮರುಕಳಿಸುತ್ತದೆ. ಅಮೆರಿಕದ ಲಾಸ್ ವೇಗಸ್ ನಗರದ ರಸ್ತೆಯೊಂದು ಹೀಗೆ ಉಬ್ಬಿ ಹಾಳಾದುದನ್ನು ಹಂಟರ್ 1988ರಲ್ಲಿ ವಿವರಿಸಿದ ಮೇಲೆ ಈ ವಿಷಯ ವಿದ್ವಾಂಸರ ಗಮನ ಸೆಳೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶಿವಪುಲ್ಲಯ್ಯ, ಎ. ಶ್ರೀಧರನ್ ಮೊದಲಾದವರು ಸಲ್ಫೇಟಿನ ಸಮ್ಮುಖದಲ್ಲಿ ಸುಣ್ಣ ಬೆರೆಸಿದ ಎರೆಮಣ್ಣಿನ ವರ್ತನೆಯನ್ನು ಆಳವಾಗಿ ಪರಿಶೀಲಿಸಿದರು. ಸುಣ್ಣ ಹಾಕುವ ಮೊದಲು ಮಣ್ಣಿನ ರಸಾಯನವನ್ನು ತಿಳಿಯುವುದು ಅನಿವಾರ್ಯವೆಂಬುದು ಇದರ ಫಲಿತಾರ್ಥ.

ಮಲಪ್ರಭೆಯ ಕಾಲುವೆಗಳಿಂದ ಬಂದ ಪಾಠ

ಎರೆಮಣ್ಣಿನ ವಿಷಯದಲ್ಲಿ ಕರ್ನಾಟಕದ ನೆಲದಿಂದಲೇ ಮೂಡಿದ ಮಹತ್ವದ ತಿರುವು ರಸ್ತೆಯಿಂದ ಬಂದುದಲ್ಲ, ನೀರಾವರಿಯಿಂದ ಬಂದುದು. ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ನರಗುಂದ ಮೊದಲಾದ ಎರೆಸೀಮೆಗೆ ನೀರು ಹರಿಸುವ ಯೋಜನೆಯಲ್ಲಿ ಕಾಲುವೆಗಳು ಮೈಲಿಗಟ್ಟಲೆ ಕಪ್ಪು ನೆಲವನ್ನೇ ಸೀಳಿಕೊಂಡು ಹೋಗಬೇಕಾಗಿತ್ತು. ಕಾಲುವೆಗೆ ಹೊದಿಸಿದ ಕಲ್ಲು, ಕಾಂಕ್ರೀಟುಗಳನ್ನು ಹಿಂದಿನ ಮಣ್ಣು ಉಬ್ಬಿ ದೂಡುವುದು ಇಂಥ ನೆಲದ ಸಾಮಾನ್ಯ ತೊಂದರೆ. ಉಬ್ಬುವ ಒತ್ತಡಕ್ಕೆ ಎದುರಾಗಿ ಭಾರ ಹೇರುವುದು ಕಾಲುವೆಯ ಇಳಿಜಾರಿನಲ್ಲಿ ಸಾಧ್ಯವಾಗದು.

ಮುಂಬಯಿಯ ಐ.ಐ.ಟಿ.ಯಲ್ಲಿ ಆರ್. ಕೆ. ಕಟ್ಟಿ ಮತ್ತು ಅವರ ಸಹೋದ್ಯೋಗಿಗಳು ಈ ಸಮಸ್ಯೆಯನ್ನು ದೊಡ್ಡ ಪ್ರಮಾಣದ ಪ್ರಯೋಗಗಳ ಮೂಲಕ ಪರಿಶೀಲಿಸಿದರು. ಅವರು ಕಂಡುಕೊಂಡ ಸಂಗತಿ ಸರಳವಾಗಿಯೂ ಅಚ್ಚರಿಯದಾಗಿಯೂ ಇತ್ತು. ನೀರುಂಡ ಎರೆಮಣ್ಣು ಮೇಲ್ಭಾಗದಲ್ಲಿ ಉಬ್ಬುತ್ತದೆ. ಸುಮಾರು ಒಂದು ಮೀಟರಿನಿಂದ ಕೆಳಗೆ ಅದರ ಗಾತ್ರದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಇರುವುದಿಲ್ಲ. ಮೇಲಿನ ಮಣ್ಣಿನ ತೂಕವೊಂದೇ ಇದಕ್ಕೆ ಕಾರಣವಾಗಲಾರದು, ಏಕೆಂದರೆ ಉಬ್ಬುವ ಒತ್ತಡ ಆ ತೂಕಕ್ಕಿಂತ ಎಷ್ಟೋ ಹೆಚ್ಚು. ಮೇಲಿನ ಪದರದ ಜೇಡಿಕಣಗಳ ನಡುವಿನ ಸಂಸಕ್ತಿಯೇ ಕೆಳಗಿನ ಮಣ್ಣನ್ನು ತಡೆಹಿಡಿಯುತ್ತದೆ ಎಂದು ಅವರು ತರ್ಕಿಸಿದರು. ಹಾಗಾದರೆ, ಸಂಸಕ್ತಿಯುಳ್ಳ ಆದರೆ ತಾನು ಉಬ್ಬದ ಮಣ್ಣಿನ ಪದರವೊಂದನ್ನು ಮೇಲೆ ಹೊದಿಸಿದರೆ ಅದೇ ಕೆಲಸ ನಡೆಯಬೇಕು.

ಸಿ.ಎನ್.ಎಸ್. ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಉಬ್ಬದ ಸಂಸಕ್ತ ಮಣ್ಣಿನ ಪದರದ ವಿಧಾನವನ್ನು ಮಲಪ್ರಭಾ ಕಾಲುವೆಗಳಲ್ಲಿ ಬಳಸಲಾಯಿತು. ಕಟ್ಟಿಯವರ ವಿಸ್ತೃತ ಉಪನ್ಯಾಸ 1979ರಲ್ಲಿ ಇಂಡಿಯನ್ ಜಿಯೋಟೆಕ್ನಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಎರೆನೆಲದ ಕಾಲುವೆ ಹೊದಿಕೆಯನ್ನು ಕುರಿತ ಭಾರತೀಯ ಮಾನಕ 9451 ಎಂಬ ದಾಖಲೆ 1980ರಲ್ಲಿ ಹೊರಬಂದು, 1994ರಲ್ಲಿ ಎರಡನೆಯ ಬಾರಿ ಪರಿಷ್ಕಾರಗೊಂಡಿತು. ರಸ್ತೆಗಳ ಮಾರ್ಗಸೂಚಿಯೂ ಎರೆಯ ಮೇಲೆ 0.6ರಿಂದ 1 ಮೀಟರ್ ದಪ್ಪದ ಇಂತಹ ಪದರವನ್ನು ಸೂಚಿಸಿತು. ಅದರೊಡನೆ, ಎರೆಕೆಸರು ಖಡಿಯೊಳಗೆ ಏರದಂತೆ ತಡೆಯಲು ಮರಳು ಅಥವಾ ಅಂಟಿಲ್ಲದ ಮುರ್ರಂನ ಕನಿಷ್ಠ 225 ಮಿ.ಮೀ. ತಡೆಪದರವನ್ನೂ ವಿಧಿಸಿತು. ಹತ್ತೊಂಬತ್ತನೆಯ ಶತಮಾನದ ಕಲ್ಲಿನ ಹಾಸಿಗೆ ಇಲ್ಲದಿದ್ದುದು ಈ ತಡೆಯೇ.

ಉಬ್ಬದ ಸಂಸಕ್ತ ಮಣ್ಣೆಂದು ಬಳಕೆಗೆ ಬಂದುದು ಬಹುಮಟ್ಟಿಗೆ ದಖ್ಖನಿನಲ್ಲೇ ದೊರೆಯುವ ಗರಸು. ಹಿಂದಿನವರು ಅಂಗಳಕ್ಕೂ ದಾರಿಗೂ ಹಾಕಿ ಬಡಿಯುತ್ತಿದ್ದ ಆ ಗರಸೇ ಈಗ ಅಳತೆ, ಪರೀಕ್ಷೆ, ಮಾನಕಗಳ ಬೆಂಬಲದೊಡನೆ ಹಿಂತಿರುಗಿತು. ಹಿಂದಿನವರಿಗೆ ಇಂದಿನ ವಿಜ್ಞಾನ ತಿಳಿದಿತ್ತೆಂದು ಇದರಿಂದ ಹೇಳಬರುವುದಿಲ್ಲ. ಎಲ್ಲ ಗರಸೂ ಒಂದೇ ಅಲ್ಲ. ಎಷ್ಟು ಜೇಡಿ, ಎಷ್ಟು ಮರಳು, ಎಷ್ಟು ದಪ್ಪ ಎಂಬುದನ್ನು ಹೇಳಿದುದು ಪರೀಕ್ಷೆ. ಆದರೆ ದೂರದಿಂದ ತಂದ ಕಲ್ಲಿಗಿಂತ ಸಮೀಪದ ಸಾಮಾನ್ಯ ಮಣ್ಣಿಗೆ ಈ ಕೆಲಸ ಹೆಚ್ಚು ಒಗ್ಗುತ್ತದೆಂಬ ಅನುಭವಕ್ಕೆ ಇಲ್ಲಿ ಕಾರಣ ದೊರೆಯಿತು.

ಈ ವಿಧಾನ ವಿಮರ್ಶೆಯಿಂದ ಹೊರತಾಗಿ ಉಳಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎಸ್. ಸುಬ್ಬರಾವ್ 2000ದಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ, ಇಂತಹ ಪದರ ಮೊದಲ ಸಲದ ಉಬ್ಬನ್ನು ಚೆನ್ನಾಗಿ ತಡೆದರೂ ನೆನೆಯುವಿಕೆ ಮತ್ತು ಒಣಗುವಿಕೆಗಳ ಆವರ್ತನೆ ಮುಂದುವರಿದಂತೆ ಅದರ ಪರಿಣಾಮ ಕುಗ್ಗುತ್ತದೆಂಬುದನ್ನು ತೋರಿಸಿದರು. ಕಾಲುವೆಯ ಕೆಳಗಿನ ಮಣ್ಣು ಬಹುಕಾಲ ತೇವದಲ್ಲಿಯೇ ಇರುತ್ತದೆ. ರಸ್ತೆಯ ಅಂಚಿನ ಮಣ್ಣು ಹಾಗಲ್ಲ, ಅದು ಪ್ರತಿವರ್ಷ ಎರಡು ತುದಿಗಳ ನಡುವೆ ತೂಗುತ್ತದೆ. ಆದ್ದರಿಂದ ಕಾಲುವೆಯಲ್ಲಿ ಗೆದ್ದ ವಿಧಾನವನ್ನು ರಸ್ತೆಗೆ ತರುವಾಗ ಅಂಚಿನ ರಕ್ಷಣೆ ಮತ್ತು ಚರಂಡಿಗಳ ಪ್ರಶ್ನೆ ಮತ್ತೆ ಮುಖ್ಯವಾಗುತ್ತದೆ.

ಕೆಂಪು ಮಣ್ಣಿನ ಕುಸಿತ: ಅದೇ ಪ್ರಶ್ನೆಯ ಮತ್ತೊಂದು ಮುಖ

ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ ಉತ್ತರದ ಎರೆನೆಲವನ್ನು ದಾಟಿ ದಕ್ಷಿಣದ ಕೆಂಪು ನೆಲವನ್ನು ಪ್ರವೇಶಿಸುತ್ತದೆ. ಕೆಂಪು ನೆಲವನ್ನು ಇಂಜಿನಿಯರುಗಳು ನಂಬಿಗಸ್ತವೆಂದು ಭಾವಿಸುವುದು ವಾಡಿಕೆ. ಅದಕ್ಕೂ ನೀರಿನ ಪರೀಕ್ಷೆ ತಪ್ಪಿದ್ದಲ್ಲ. ಒಣಗಿರುವಾಗ ಗಟ್ಟಿಯಾಗಿ ಹೊರೆ ಹೊತ್ತು, ನೀರು ತಾಗಿದೊಡನೆ ಒಳರಚನೆ ಮುರಿದು ಹಠಾತ್ತನೆ ಕುಸಿಯುವ ಮಣ್ಣುಗಳನ್ನು ಜಗತ್ತಿನ ಹಲವೆಡೆ ಗುರುತಿಸಲಾಗಿದೆ. ಗಾಳಿ ತಂದು ಹಾಸಿದ ಚೀನಾದ ಲೋಯೆಸ್ ಇದಕ್ಕೆ ಪ್ರಸಿದ್ಧ ನಿದರ್ಶನ. ದಕ್ಷಿಣ ಆಫ್ರಿಕದ ಜೆನ್ನಿಂಗ್ಸ್ ಮತ್ತು ನೈಟ್ 1957ರಲ್ಲಿ ಒಂದೇ ಮಣ್ಣಿನ ಎರಡು ಮಾದರಿಗಳನ್ನು, ಒಂದನ್ನು ಸಹಜ ತೇವದಲ್ಲಿ, ಇನ್ನೊಂದನ್ನು ನೆನೆಸಿ, ಹೊರೆಗೆ ಒಡ್ಡಿ ಕುಸಿತವನ್ನು ಮುಂಚಿತವಾಗಿ ಅಳೆಯುವ ಕ್ರಮವನ್ನು ಮುಂದಿಟ್ಟರು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1960ರ ದಶಕದಲ್ಲಿ ದೊಡ್ಡ ಕಾಲುವೆಯನ್ನು ಕಟ್ಟುವ ಮೊದಲು ನೆಲದ ಮೇಲೆ ನೀರು ನಿಲ್ಲಿಸಿ, ಕುಸಿಯಬೇಕಾದುದನ್ನು ಮುಂಚೆಯೇ ಕುಸಿಯಲು ಬಿಟ್ಟರು.

ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್ ಮತ್ತು ರೇವಣಸಿದ್ದಪ್ಪ ಅವರ, 2000ದಿಂದ ಪ್ರಕಟವಾದ ಸಂಶೋಧನೆಗಳು ಬೆಂಗಳೂರಿನ ಕೆಂಪು ಮಣ್ಣಿನ ಕುಸಿತವನ್ನು ಪರಿಶೀಲಿಸಿ, ಕಣಗಳ ನಡುವೆ ಅಲ್ಪ ತೇವ ಉಂಟುಮಾಡುವ ಹೀರುಬಲಕ್ಕೂ ಕುಸಿತಕ್ಕೂ ಇರುವ ಸಂಬಂಧವನ್ನು ವಿವರಿಸಿದವು. ರಸ್ತೆಯ ಏರಿಗಳ ದೃಷ್ಟಿಯಿಂದ ಇದು ಬೆಲೆಯುಳ್ಳದ್ದು. ತೀರ ಒಣಗಿದ ಎರೆಯನ್ನು ಅತಿಯಾಗಿ ಬಿಗಿದರೆ ಅದು ಮುಂದೆ ಹೆಚ್ಚು ಉಬ್ಬುತ್ತದೆ. ತೀರ ಒಣಗಿದ ಕೆಂಪು ಮಣ್ಣನ್ನು ಸಡಿಲವಾಗಿ ಬಿಟ್ಟರೆ ಅದು ಮುಂದೆ ಕುಸಿಯುತ್ತದೆ. ಒಂದು ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಕೆಲಸದ ಹೊತ್ತಿನಲ್ಲಿ ಸಾಕಷ್ಟು ನೀರು ಕೊಡುವುದು ಎರಡಕ್ಕೂ ಮದ್ದು. ನೀರಿನ ಟ್ಯಾಂಕರನ್ನು ಉಳಿಸಿ ರೋಲರಿನ ಓಟವನ್ನು ಮಾತ್ರ ಎಣಿಸುವ ಕಾಮಗಾರಿ ಎರಡೂ ನೆಲಗಳಲ್ಲಿ ಸೋಲುತ್ತದೆ.

ಇತ್ತೀಚಿನ ದಶಕಗಳು

1990ರ ದಶಕದ ಕೊನೆಯಿಂದ ರಾಷ್ಟ್ರೀಯ ಹೆದ್ದಾರಿ ಅಭಿವೃದ್ಧಿಗೆ ಬಂದ ವೇಗ ಎರೆಸೀಮೆಗೂ ಮುಟ್ಟಿತು. ಸುವರ್ಣ ಚತುಷ್ಕೋನ ಯೋಜನೆಯಡಿ ಪುಣೆ–ಬೆಂಗಳೂರು ಹೆದ್ದಾರಿ ಚತುಷ್ಪಥವಾಯಿತು. 2010ರ ಮರುಸಂಖ್ಯೆಯ ನಂತರ ಅದು 48ನೆಯ ಹೆದ್ದಾರಿ. ಎರೆಯ ಒಡಲಲ್ಲೇ ಹಾಯುವ ಸೊಲ್ಲಾಪುರ–ವಿಜಯಪುರ–ಹೊಸಪೇಟೆ–ಚಿತ್ರದುರ್ಗ ಮಾರ್ಗ, ಹುಬ್ಬಳ್ಳಿ–ಗದಗ–ಹೊಸಪೇಟೆ ಮಾರ್ಗಗಳೂ ವಿಸ್ತಾರಗೊಂಡವು. ವಿಶ್ವಬ್ಯಾಂಕಿನ ನೆರವಿನಿಂದ 2001ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಹೆದ್ದಾರಿ ಸುಧಾರಣಾ ಯೋಜನೆ ರಾಜ್ಯ ಹೆದ್ದಾರಿಗಳನ್ನು ಕೈಗೆತ್ತಿಕೊಂಡಿತು. ಎರೆಯನ್ನು ತೆಗೆದು ಗರಸು ತುಂಬುವ ಹಳೆಯ ಕ್ರಮದೊಡನೆ ಯಂತ್ರದಿಂದ ಸುಣ್ಣ, ಸಿಮೆಂಟ್ ಬೆರೆಸುವುದು, ಸಂಶ್ಲೇಷಿತ ಜವಳಿ ಹಾಸುವುದು ಇವೆಲ್ಲ ಬಳಕೆಗೆ ಬಂದವು. 1985ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಸ್ಥಾವರಗಳ ಹಾರುಬೂದಿಯನ್ನು ರಸ್ತೆಯ ಏರಿಗೆ ಬಳಸುವ ಕುರಿತು 2001ರಲ್ಲಿ ಮಾರ್ಗಸೂಚಿ ಹೊರಬಂದಿತು. ಸುಣ್ಣದೊಡನೆ ಬೆರೆತಾಗ ಬೂದಿಯೂ ಎರೆಯನ್ನು ಪಳಗಿಸಬಲ್ಲದು.

ಗರಸಿಗೂ ಒಂದು ಬೆಲೆಯಿದೆ. ಹೆದ್ದಾರಿಯ ಪ್ರತಿ ಕಿಲೋಮೀಟರಿಗೂ ಒಂದು ಮೀಟರು ದಪ್ಪದ ಪದರವೆಂದರೆ ಯಾವುದೋ ಗುಡ್ಡ ಕರಗಬೇಕು. ತೆಗೆದ ಎರೆಗೆ ಜಾಗವೂ ಬೇಕು. ಸ್ಥಳದ ಮಣ್ಣನ್ನು ಸ್ಥಳದಲ್ಲೇ ತಿದ್ದುವ ವಿಧಾನಗಳಿಗೆ ಈಗ ಸಿಗುತ್ತಿರುವ ಒತ್ತಿಗೆ ಇದು ಪ್ರಬಲವಾದ ಕಾರಣ. ಹಳ್ಳಿಯ ರಸ್ತೆಗಳ ಸ್ಥಿತಿ ಬೇರೆ. ಅಲ್ಲಿ ಅಡಿಮಣ್ಣಿನ ಉಪಚಾರಕ್ಕಿಂತ ಮೇಲ್ಮೈಯ ಡಾಂಬರಿಗೇ ಹಣ ಸಲ್ಲುವುದುಂಟು. ಹೊಲದ ನೀರು ನಿಲ್ಲುವ ಮುಚ್ಚಿದ ಚರಂಡಿ, ಕಿರಿದಾದ ಮೋರಿ, ಹೊದಿಕೆಯಿಲ್ಲದ ಅಂಚು ಇವು ಮೂರು ಸೇರಿದರೆ ಯಾವ ಸ್ಥಿರೀಕರಣವೂ ಬಹುಕಾಲ ಬಾಳದು.

ಸಮಾರೋಪ

ಎರೆನೆಲದ ರಸ್ತೆಯ ಇತಿಹಾಸ ಒಂದು ವಿಧಾನ ಇನ್ನೊಂದನ್ನು ಸೋಲಿಸಿದ ಕಥೆಯಲ್ಲ. ಋತುವಿಗೆ ಹೊಂದಿಕೊಂಡ ಸಂಚಾರಕ್ಕೆ ನೆಲದ ಸ್ವಭಾವ ಗೊತ್ತಿತ್ತು, ಆದರೆ ವರ್ಷದ ಮೂರ್ನಾಲ್ಕು ತಿಂಗಳು ಊರುಗಳು ಒಂದರಿಂದೊಂದು ಬೇರ್ಪಟ್ಟಿರುವುದನ್ನು ಅದು ಒಪ್ಪಿಕೊಂಡಿತ್ತು. ಬರಗಾಲದಲ್ಲಿ ಆ ಒಪ್ಪಿಗೆಯ ಬೆಲೆಯನ್ನು ಜನ ಪ್ರಾಣದಿಂದ ತೆತ್ತರು. ಕಲ್ಲಿನ ರಸ್ತೆ ಆ ಬೇರ್ಪಡಿಕೆಯನ್ನು ಮುರಿಯಲು ಹೊರಟಿತು, ಆದರೆ ನೆಲದ ಸ್ವಭಾವವನ್ನು ಕಡೆಗಣಿಸಿತು. ಮಣ್ಣಿನ ವಿಜ್ಞಾನ ಇವೆರಡನ್ನೂ ಒಟ್ಟಿಗೆ ಕಾಣುವ ಅವಕಾಶವನ್ನು ತಂದಿತು. ಸುಣ್ಣದ ರಸಾಯನ, ಗರಸಿನ ಪದರ, ತಡೆಪದರ, ಕೆಲಸದ ಹೊತ್ತಿನ ತೇವ ಇವೆಲ್ಲವೂ ಬೇರೆ ಬೇರೆ ಮಾರ್ಗಗಳಿಂದ ಒಂದೇ ಗುರಿಯನ್ನು ಅರಸುತ್ತವೆ: ರಸ್ತೆಯ ಕೆಳಗಿನ ಮಣ್ಣಿಗೆ ಋತುಗಳು ತಟ್ಟದಂತೆ ನೋಡಿಕೊಳ್ಳುವುದು.

ಈ ದೃಷ್ಟಿಯಿಂದ ನೋಡಿದಾಗ ಎರೆಸೀಮೆಯ ಹೆದ್ದಾರಿಯ ಆಯುಷ್ಯ ಅದರ ಮೇಲ್ಮೈಯ ಡಾಂಬರಿಗಿಂತ ಹೆಚ್ಚಾಗಿ ಅದರ ಅಂಚು ಮತ್ತು ಚರಂಡಿಗಳನ್ನು ಅವಲಂಬಿಸಿದೆ. ಹಳೆಯ ಜಿಲ್ಲಾ ಗ್ಯಾಸೆಟಿಯರುಗಳು, ಬರ ಪರಿಹಾರದ ದಾಖಲೆಗಳು, ಲೋಕೋಪಯೋಗಿ ಇಲಾಖೆಯ ವಾರ್ಷಿಕ ವರದಿಗಳು ಮತ್ತು ಮಲಪ್ರಭಾ ಯೋಜನೆಯ ಕಡತಗಳನ್ನು ಮಣ್ಣಿನ ದೃಷ್ಟಿಯಿಂದ ಮತ್ತೆ ಓದುವ ಕೆಲಸಕ್ಕೆ ವಿಪುಲ ಅವಕಾಶವಿದೆ. ರಸ್ತೆ ಎಲ್ಲಿ ಯಾವ ವರ್ಷ ಕೆಟ್ಟಿತು, ಏನು ಮಾಡಿ ದುರಸ್ತಿ ಮಾಡಲಾಯಿತು ಎಂಬ ವಿವರಗಳು ಆ ಕಡತಗಳಲ್ಲಿ ಉಳಿದಿರುವಲ್ಲೆಲ್ಲ, ಅವು ಇತಿಹಾಸಕಾರನಿಗೆ ಆಕರವಾಗುವಷ್ಟೇ ಇಂದಿನ ಇಂಜಿನಿಯರನಿಗೂ ಆಕರವಾಗಬಲ್ಲವು.